ಅತ್ತೆ ಕಾಯುತ್ತಿದ್ದ ಮೊಸಳೆ

ನಾನು ಬೋರಗಾಂವದವಳು. ಹುಟ್ಟಿದಾಗಿನಿಂದ ಮದುವೆಯಾಗುವವರೆಗೂ ಪವರ್‌ಲೂಮಿನ ಖಟಖಟ ಸದ್ದಿನಲ್ಲೇ ಬೆಳೆದವಳು. ಎಂಬತ್ತರ ದಶಕದ ನಡುವೆ ದಿಗ್ಗೇವಾಡಿ ಕಡೆಗೆ ಸೊಸೆಯಾಗಿ ಬಂದಾಗ ನನ್ನನ್ನು ಮೊದಲು ಹೆದರಿಸಿದ್ದು ಅಲ್ಲಿಯ ಸದ್ದಿಲ್ಲದ ಮಧ್ಯಾಹ್ನ. ನಮ್ಮ ಮನೆ ಊರೊಳಗಿರಲಿಲ್ಲ, ಹೊಲದಲ್ಲಿತ್ತು. ಹಿತ್ತಲ ಆಚೆ ಎರಡು ಕಬ್ಬಿನ ಹೊಲ, ಅದರಾಚೆ ಕೃಷ್ಣಾ ಹೊಳೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು, ನಾಲ್ಕೇ ಜನ.

ಬಂದ ಮರುದಿನವೇ ಅತ್ತೆ ಹೇಳಿದ್ದರು: “ಅರಬಿ ಒಗಿಯೂದು, ಭಾಂಡೆ ತಿಕ್ಕೂದು ಎಲ್ಲಾ ಇಲ್ಲೇ ಬಾವಿ ಕಡೆ ಮಾಡು. ಹೊಳಿಗೆ ಹೋಗಬ್ಯಾಡ.”

“ಯಾಕ್ರಿ ಅತ್ತಿ?”

“ಬ್ಯಾಡ ಅಂದ್ರ ಬ್ಯಾಡ.”

ಆದರೆ ಅವರೇ ದಿನಾ ಹೋಗುತ್ತಿದ್ದರು. ಮಧ್ಯಾಹ್ನದ ಊಟವಾಗಿ ಮಾವ ಹೊರಸಿನ ಮೇಲೆ ಅಡ್ಡಾದ ಕೂಡಲೇ ಕುಡಗೋಲು ಹಿಡಿದು, “ಹುಲ್ಲು ತರತೇನಿ” ಎಂದು ಕಬ್ಬಿನ ಬದುವಿನ ಮೇಲೆ ನಡೆದುಬಿಡುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಬರಿಗೈಯಲ್ಲಿ ಬರುತ್ತಿದ್ದರು. ಹುಲ್ಲು ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ದಿನ ಅವರು ಊಟ ಬಿಟ್ಟೇ ಎದ್ದು ಹೋದರು. ಒಂದು ತಂಬಿಗೆ ಮಜ್ಜಿಗೆ ತಗೊಂಡು ನಾನೂ ಹಿಂದೆ ಹೋದೆ. ಕಬ್ಬು ದಾಟಿದರೆ ಎತ್ತರದ ದಂಡೆ, ಅಲ್ಲೊಂದು ಜಾಲಿಮರ. ಅದರ ತೆಳ್ಳನೆಯ ನೆರಳಲ್ಲಿ ಅತ್ತೆ ಕುಳಿತಿದ್ದರು. ಹೊಳೆ ಬತ್ತಿ ನಡುವೆ ಒಂದು ಮಡು ಮಾತ್ರ ಉಳಿದಿತ್ತು. ಅದರ ಪಕ್ಕದ ಉಸುಕಿನ ಮೇಲೆ ಹೂಳಿನ ಬಣ್ಣದ ಮರದ ಬೊಡ್ಡೆ ಬಿದ್ದಿದೆ ಎಂದುಕೊಂಡೆ. ಬೊಡ್ಡೆಯ ಒಂದು ತುದಿ ನಿಧಾನವಾಗಿ ಬಾಯಿ ತೆರೆಯಿತು. ನನ್ನ ಕೈಯಲ್ಲಿದ್ದ ತಂಬಿಗೆ ಓಲಾಡಿ ಮಜ್ಜಿಗೆ ಕಾಲ ಮೇಲೆ ಚೆಲ್ಲಿತು.

“ಚೀರಬ್ಯಾಡ,” ಎಂದರು ಅತ್ತೆ, ತಿರುಗಿ ನೋಡದೆ. “ಕುಂಡ್ರು. ಅದು ಇಷ್ಟು ಮ್ಯಾಲ ಬರಂಗಿಲ್ಲ.”

ಕುಳಿತೆ. ಮೊಸಳೆ ಬಾಯಿ ತೆರೆದುಕೊಂಡೇ ಇತ್ತು. ಒಂದು ಹಕ್ಕಿ ಅದರ ಬೆನ್ನಿನಿಂದ ಉಸುಕಿಗೆ, ಉಸುಕಿನಿಂದ ಬೆನ್ನಿಗೆ ಹಾರುತ್ತಿತ್ತು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ ತಿಳಿಯದು. ಅತ್ತೆಯ ಕಣ್ಣು ಮೊಸಳೆಯ ಮೇಲೆ ಮಾತ್ರ ಇರಲಿಲ್ಲ, ನೀರಿನ ಉದ್ದಕ್ಕೂ ಓಡಾಡುತ್ತಿತ್ತು. ಅದನ್ನು ನಾನು ಆಗ ಕಂಡೆ, ಅರ್ಥ ಮಾತ್ರ ಆಗಲಿಲ್ಲ.

ಸಂಜೆ ಗಂಡನನ್ನು ಕೇಳಿದೆ. ಅವರು ಎತ್ತಿನ ಮೈ ತಿಕ್ಕುವುದನ್ನು ನಿಲ್ಲಿಸಿದರು.

“ನನಗೊಬ್ಬಾಕಿ ತಂಗಿ ಇದ್ದಳು,” ಎಂದರು. “ಎಂಟು ವರ್ಷದಾಕಿ. ಇಂಥಾದ್ದ ಬ್ಯಾಸಗಿ, ಬಾವಿ ಬತ್ತಿತ್ತು. ನೀರು ತರಾಕ ಅವ್ವನ ಅಕಿನ್ನ ಹೊಳಿಗೆ ಕಳಿಸಿದ್ಲು. ಬರಲಿಲ್ಲ. ನಾವು ಹೋಗಿ ನೋಡಿದ್ರ ಕೊಡ ತುಂಬಿ ದಂಡಿ ಮ್ಯಾಲ ನೆಟ್ಟಗ ಕುಂತಿತ್ತು. ತಲಿ ಮ್ಯಾಲಿನ ಸಿಂಬಿ ಬಾಜೂಕ್ಕ ಇತ್ತು. ಅಕಿ ಇರಲಿಲ್ಲ.”

“ಮೊಸಳಿ...?”

“ಅಂಬಿಗರು ಮೂರು ದಿನ ನೀರಾಗ ಬಲಿ ಬೀಸಿ ಹುಡುಕಿದ್ರು. ಒಂದು ಚೂರು ಅರಬಿ ಸೈತ ಸಿಗಲಿಲ್ಲ. ಕೆಲವರು ಮೊಸಳಿ ಅಂದ್ರು, ಕೆಲವರು ಸುಳಿ ಅಂದ್ರು, ಯಾರೋ ಎತ್ತಿಕೊಂಡು ಹೋಗ್ಯಾರ ಅಂತನೂ ಅಂದ್ರು. ಅವ್ವ ಆವತ್ತಿಂದ ಅಕಿ ಹೆಸರು ಎತ್ತಿಲ್ಲ. ನೀನೂ ಕೇಳಬ್ಯಾಡ.”

ಕೇಳಲಿಲ್ಲ. ಆದರೆ ಆ ತುಂಬಿದ ಕೊಡ ನನ್ನನ್ನು ಬಿಡಲಿಲ್ಲ. ಬಾವಿಯಿಂದ ನೀರು ಸೇದಿ ಕೊಡವನ್ನು ಕಟ್ಟೆಯ ಮೇಲೆ ಇಟ್ಟಾಗಲೆಲ್ಲ, ಅದನ್ನು ತುಂಬಿಟ್ಟು ಸಿಂಬಿ ಸರಿಮಾಡಿಕೊಳ್ಳಲು ಬಗ್ಗಿದ ಎಂಟು ವರ್ಷದ ಹುಡುಗಿಯೊಬ್ಬಳು ಕಾಣುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಅವಳ ಫೋಟೋ ಸಹ ಇರಲಿಲ್ಲವಾದ್ದರಿಂದ ಮುಖ ನನಗೆ ಗೊತ್ತಿರಲಿಲ್ಲ.

ಮುಂದಿನ ವರ್ಷ ನನಗೆ ಮಗಳು ಹುಟ್ಟಿದಳು. ಅವಳು ಗೋಡೆ ಹಿಡಿದು ನಡೆಯಲು ಕಲಿತ ಮಳೆಗಾಲದಲ್ಲಿ ಹೊಳೆ ಏರಿತು. ಮಹಾರಾಷ್ಟ್ರದ ಕಡೆ ಮಳೆ ಹೆಚ್ಚಾಗಿ, ನೀರು ಕಬ್ಬಿನೊಳಗೆ ನುಗ್ಗಿ ನಮ್ಮ ಹಿತ್ತಲವರೆಗೂ ಬಂದು ನಿಂತಿತು. ನಾಲ್ಕು ದಿನದ ಮೇಲೆ ಇಳಿಯಿತು. ಐದನೆಯ ದಿನ ಬೆಳಿಗ್ಗೆ ಸಗಣಿ ತೆಗೆಯಲು ದನದ ಕೊಟ್ಟಿಗೆಗೆ ಹೊರಟೆ. ಕರು ಹಗ್ಗ ಜಗ್ಗುತ್ತ ಹಿಂದಕ್ಕೆ ಸರಿಯುತ್ತಿತ್ತು. ಎಮ್ಮೆಗಳು ಬುಸುಗುಟ್ಟುತ್ತಿದ್ದವು. ಮೇವು ಹಾಕುವ ಗೋದಲಿಯ ಬದಿಯ ಕೆಸರಿನಲ್ಲಿ ಅದು ಮಲಗಿತ್ತು, ನನ್ನಿಂದ ನಾಲ್ಕು ಮಾರು ದೂರದಲ್ಲಿ. ನನಗೂ ಅದಕ್ಕೂ ನಡುವೆ ಮಗಳು ನಿಂತಿದ್ದಳು. ಯಾವಾಗ ನನ್ನ ಹಿಂದಿನಿಂದ ಬಂದು ಮುಂದೆ ಹೋಗಿದ್ದಳೋ. ಎರಡೂ ಕೈ ಮುಂದೆ ಚಾಚಿ, ಬೀಳದಂತೆ ಓಲಾಡುತ್ತ ನಿಂತಿದ್ದಳು.

ನನಗೆ ಕಾಲು ಬರಲಿಲ್ಲ. ಬಾಯಿಯೂ ಬರಲಿಲ್ಲ. ಈ ಮಾತನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ. ಹೆತ್ತವಳು ನಾನು, ಆದರೆ ಅಲ್ಲೇ ನಿಂತುಬಿಟ್ಟೆ.

ಅತ್ತೆ ನನ್ನ ಪಕ್ಕದಿಂದ ದಾಟಿ ಹೋದರು. ಓಡಲಿಲ್ಲ. ಸಾವಕಾಶ ನಡೆದು, ಮಗುವಿನ ರಟ್ಟೆ ಹಿಡಿದು ಎತ್ತಿ ಸೊಂಟಕ್ಕೇರಿಸಿ, ಮೊಸಳೆಯ ಕಡೆ ಮುಖ ಮಾಡಿಯೇ ಹಿಂದೆ ಹಿಂದೆ ಬಂದರು. ಮಗುವನ್ನು ನನ್ನ ಕೈಗಿಟ್ಟು, “ಒಳಗ ಹೋಗಿ ಚಿಲಕ ಹಾಕ್ಕೋ,” ಎಂದರು.

ಗಂಡ ಕೂಗಿದ್ದಕ್ಕೆ ಸುತ್ತಲ ಹೊಲದವರೆಲ್ಲ ಬಂದರು. ಹೊಳೆಯಾಚೆಯ ಇಬ್ಬರು ಅಂಬಿಗರೂ ಬಂದರು. ಅವರೇ ಅದರ ಕಣ್ಣಿನ ಮೇಲೆ ಗೋಣಿತಟ್ಟು ಎಸೆದು, ಹಗ್ಗದ ಕುಣಿಕೆ ಹಾಕಿ, ಬಾಯಿ ಬಿಗಿದರು. ಮಧ್ಯಾಹ್ನದ ಹೊತ್ತಿಗೆ ಮೊಸಳೆ ನಮ್ಮ ಅಂಗಳದಲ್ಲಿ ಬೇವಿನಮರಕ್ಕೆ ಕಟ್ಟಿಸಿಕೊಂಡು ಬಿದ್ದಿತ್ತು. ಎಂಟು ಅಡಿಯಾದರೂ ಇದ್ದೀತು. ನಾನು ಮಗುವನ್ನೆತ್ತಿಕೊಂಡು ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ.

ಗುಂಪಿನಲ್ಲಿ ಯಾರೋ ಹೇಳಿದರು: “ಹೊಟ್ಟಿ ಸೀಳಿ ನೋಡ್ರಿ. ಮೊಸಳಿ ಹೊಟ್ಯಾಗ ಬಳಿ, ಕಾಲುಂಗುರ ಎಲ್ಲಾ ಹಂಗ ಇರತಾವಂತ.”

ಎಲ್ಲರೂ ಮಾವನ ಕಡೆ ನೋಡಿದರು. ನಾನು ಆ ಮನೆಗೆ ಬಂದಾಗಿನಿಂದ ಮಾವ ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿರಲಿಲ್ಲ. ಅವರು ಎದ್ದು ಒಳಗೆ ಹೋದರು. ಕೊಡಲಿ ತಗೊಂಡು ಬಂದರು. ಅತ್ತೆ ಮೊಸಳೆಯ ಮುಂದೆ ಹೋಗಿ ನಿಂತರು.

“ಬಾಜೂಕ ಸರಿ,” ಎಂದರು ಮಾವ. “ಹದಿನೆಂಟು ವರ್ಷ ಆತು. ನನಗ ಗೊತ್ತಾಗಬೇಕು.”

“ನನಗ ಬ್ಯಾಡ.”

“ನನಗ ಬೇಕು.”

“ಏನೂ ಸಿಗಲಿಲ್ಲಂದ್ರ?” ಎಂದರು ಅತ್ತೆ. “ನಾಳೆ ಮತ್ತೊಂದು ಹಿಡೀತೀರಿ. ನಾಡಿದ್ದು ಇನ್ನೊಂದು. ಹೊಳ್ಯಾಗ ಎಷ್ಟ ಅದಾವ ಗೊತ್ತೈತೇನು? ಅಷ್ಟೂ ಸೀಳವ್ರ ಏನ್ರಿ?”

ಮರದ ಬುಡದಲ್ಲಿ ಮೊಸಳೆ ಒಮ್ಮೆ ಉಸಿರು ಬಿಟ್ಟಿತು, ದೊಡ್ಡ ಮನುಷ್ಯರು ನಿದ್ದೆಯಲ್ಲಿ ಬಿಟ್ಟಂತೆ. ಮಾವ ಕೊಡಲಿಯನ್ನು ಗೋಡೆಗೆ ಆನಿಸಿಟ್ಟು ಕೊಟ್ಟಿಗೆಯ ಹಿಂದೆ ಹೋದರು. ಅಲ್ಲಿ ಅವರು ಅಳುತ್ತಿದ್ದುದು ಚಿಲಕ ಹಾಕಿದ ಕೋಣೆಯೊಳಗಿದ್ದ ನನಗೂ ಕೇಳಿಸಿತು.

ಸಂಜೆಯೊಳಗೆ ಅರಣ್ಯ ಇಲಾಖೆಯವರು ಬಂದರು. ಮೊಸಳೆಯನ್ನು ಟ್ರ್ಯಾಕ್ಟರಿಗೆ ಹೇರುವ ಮುಂಚೆ ಅವರಲ್ಲೊಬ್ಬ ವಯಸ್ಸಾದವನು ಟೇಪು ಹಿಡಿದು ಅಳೆದ. “ಹತ್ತು, ಹನ್ನೆರಡು ವರ್ಷದ್ದರಿ ಇದು. ಅದಕ್ಕಿಂತ ಹೆಚ್ಚಿಲ್ಲ,” ಎಂದ.

ಹುಡುಗಿ ಹೋಗಿ ಹದಿನೆಂಟು ವರ್ಷ; ಲೆಕ್ಕ ಅಂಗಳದಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ಆ ದಿನ ದೀಪ ಹಚ್ಚುವ ಹೊತ್ತಿಗೆ ಒಲೆಯ ಮುಂದೆ ಧೈರ್ಯ ಮಾಡಿ ಕೇಳಿದೆ: “ಅತ್ತಿ, ಅದಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

ಅವರು ರೊಟ್ಟಿ ತಿರುವಿ ಹಾಕಿದರು. “ಅದು ಮೊಳದಷ್ಟು ಮರಿ ಇದ್ದಾಗಿಂದ ನೋಡೇನಿ.”

“ಮತ್ತ ದಿನಾ ಯಾಕ...?”

“ಸುಮ್ಮಸುಮ್ಮನ ಹೊಳಿ ದಂಡಿ ಮ್ಯಾಲ ಕುಂತ್ರ, ಮಗಳ ಹಾದಿ ಕಾಯಾಕತ್ತಾಳ, ತಲಿ ಕೆಟ್ಟೈತಿ ಅಂತಾರ ಮಂದಿ. ಮೊಸಳಿ ನೋಡಾಕತ್ತಾಳ ಅಂದ್ರ ಯಾರೂ ಏನೂ ಕೇಳಂಗಿಲ್ಲ.”

ಮೊಸಳೆಯನ್ನು ಎಲ್ಲಿ ಬಿಟ್ಟರೋ ನಮಗೆ ತಿಳಿಯಲಿಲ್ಲ. ಮರುದಿನ ಊಟವಾದ ಮೇಲೆ ಅತ್ತೆ ಏಳಲಿಲ್ಲ, ಬಾಗಿಲ ಕಡೆ ನೋಡುತ್ತ ಕುಳಿತರು. ಮಾವ ಹೊರಸಿನಿಂದ ಎದ್ದು ಟವಲು ಹೆಗಲಿಗೆ ಹಾಕಿಕೊಂಡು, “ನಡಿ,” ಎಂದರು. ಇಬ್ಬರೂ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದು ಹೋದರು. ಅಂದಿನಿಂದ ದಿನಾ ಹಾಗೆಯೇ. ನೋಡಲು ಆ ಮೊಸಳೆಯೂ ಈಗ ಇರಲಿಲ್ಲ. ಅವರಿಬ್ಬರೂ ಅಲ್ಲಿ ಏನು ಮಾತಾಡುತ್ತಿದ್ದರೋ, ಮಾತಾಡುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಮತ್ತೆ ಆ ಕಡೆ ಹೋಗಲಿಲ್ಲ.

ಮಗಳಿಗೆ ಎಂಟು ತುಂಬಿದ ವರ್ಷ ಅತ್ತೆ ಅವಳನ್ನು ಕಣ್ಣಿಂದ ಮರೆಯಾಗಲು ಬಿಡಲಿಲ್ಲ. ಅವಳು ಶಾಲೆಯಿಂದ ಬರುವವರೆಗೂ ದಾರಿಯಲ್ಲಿ ನಿಂತಿರುತ್ತಿದ್ದರು. ಕೆಲವೊಮ್ಮೆ ನಾನು ಯಾವತ್ತೂ ಕೇಳಿರದ ಒಂದು ಹೆಸರಿನಿಂದ ಅವಳನ್ನು ಕರೆಯುತ್ತಿದ್ದರು. ಮಗಳು “ಹೂಂ” ಎಂದು ಓಡಿ ಹೋಗುತ್ತಿದ್ದಳು. ನಾನು ತಡೆಯಲಿಲ್ಲ. ಒಂಬತ್ತು ತುಂಬಿದ ದಿನ ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದ ಅತ್ತೆ ನಡುವೆ ಕೈ ನಿಲ್ಲಿಸಿದರು. ಮಗಳನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಅವಳ ಮುಖ ನೋಡಿದರು.

“ಏನ್ರಿ ಅತ್ತಿ?” ಎಂದೆ.

“ಇಲ್ಲೀತನಕ ನನಗ ಗೊತ್ತಿತ್ತು,” ಎಂದರು. “ಇನ್ನ ಮುಂದ ಹೆಣ್ಣುಕೂಸು ಹೆಂಗ ಬೆಳೀತಾವೋ, ನನಗ ಗೊತ್ತಿಲ್ಲವ್ವಾ. ನೀನ ನೋಡ್ಕೋ.”

ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು ಎದ್ದರು.