ರಾಮೇಶ್ವರದಲ್ಲಿ ಬಿಡಬೇಕಾಗಿದ್ದ ಮೀನುಗಳು

ನಮ್ಮ ಮನೆಯವರು ಯಾತ್ರೆಗೆ ಹೋದರೆ ಅಲ್ಲಿ ಇಷ್ಟವಾದದ್ದು ಏನಾದರೊಂದನ್ನು ಬಿಟ್ಟು ಬರುತ್ತಾರೆ. ನಮ್ಮ ಅತ್ತೆ ಬದನೆಕಾಯಿ ಬಿಟ್ಟಿದ್ದರು. ಆಮೇಲೆ ಸಾಯುವವರೆಗೂ ಅದನ್ನು ಮುಟ್ಟಲಿಲ್ಲ. ಮದುವೆಮನೆಯಲ್ಲಿ ಎಲೆಗೆ ಎಣ್ಣೆಗಾಯಿ ಬಿದ್ದರೆ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಕಡೆ ನೋಡದೆ ಊಟ ಮಾಡುತ್ತಿದ್ದರು. ನಾನು ರಾಮೇಶ್ವರಕ್ಕೆ ಹೊರಟಾಗ, ನಾನು ಬಿಡಬೇಕಾದದ್ದು ಏನೆಂದು ನನ್ನ ನಾದಿನಿ, ಗಂಡನ ಅಕ್ಕ, ಮೊದಲೇ ಗೊತ್ತುಮಾಡಿದ್ದರು. ನನ್ನ ಮೀನುಗಳನ್ನು.

ಆಂಡರ್ಸನ್‌ಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ, ದೇವರ ಗೂಡಿನ ಎದುರು ಗೋಡೆಗೆ ಅವುಗಳ ಗಾಜಿನ ತೊಟ್ಟಿ ಇದೆ. ಪಕ್ಕದಲ್ಲಿ ಬಾಡಿಗೆಗಿದ್ದವರು ಊರು ಬಿಡುವಾಗ ಕೊಟ್ಟು ಹೋದದ್ದು. ಮೊದಲು ಎರಡು ಏಂಜೆಲ್ ಮೀನು ತಂದೆ, ಆಮೇಲೆ ಇನ್ನೆರಡು, ಜೊತೆಗೆ ಒಂದಿಷ್ಟು ಕಪ್ಪು ಟೆಟ್ರಾ. ನಮ್ಮವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಬಂದವರು ಉಂಡು ಮಲಗುತ್ತಾರೆ. ಒಳ್ಳೆಯ ಮನುಷ್ಯ, ಒಂದು ದಿನವೂ ಕೈಯೆತ್ತಿದವರಲ್ಲ, ಕುಡಿದು ಬಂದವರಲ್ಲ. ಅದಕ್ಕೆ ದೇವರಿಗೆ ದಿನಾ ಕೈ ಮುಗಿಯುತ್ತೇನೆ. ಮಾತು ಮಾತ್ರ ಕಡಿಮೆ. ಪೂಜೆ ಮುಗಿಸಿ ತಿರುಗಿದರೆ ಮೀನುಗಳೆಲ್ಲ ಗಾಜಿಗೆ ಮುಖ ಒತ್ತಿಕೊಂಡು ನನ್ನನ್ನೇ ನೋಡುತ್ತಿರುತ್ತಿದ್ದವು. ಅನ್ನಕ್ಕಾಗಿ ಎಂದು ನನಗೂ ಗೊತ್ತು. ಆದರೂ ಆ ಮನೆಯಲ್ಲಿ ಹಗಲು ಹೊತ್ತು ನನ್ನ ದಾರಿ ನೋಡುವವರು ಅವೇ.

ನೀರಿನದೇ ಕಷ್ಟ. ನಮ್ಮ ಊರಿನ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಮಳೆ ಬಂದಾಗ ಬಿಂದಿಗೆ ಇಟ್ಟು ಹಿಡಿದು, ಅದನ್ನು ಇದಕ್ಕೆ ಬೆರೆಸಿ, ಒಂದು ದಿನ ಹಾಗೇ ಬಿಟ್ಟು ತೊಟ್ಟಿಗೆ ಹಾಕುತ್ತಿದ್ದೆ. ತೆಗೆದ ನೀರು ತುಳಸಿಗೆ, ಕರಿಬೇವಿಗೆ. ಹಾಗಿದ್ದರೂ ಬೀದಿಯ ಹೆಂಗಸರು, ನಮಗೆ ಟ್ಯಾಂಕರ್ ಬರಲ್ಲ, ಈಯಮ್ಮನ ಮೀನಿಗೆ ದಿನಾ ಅಭಿಷೇಕ ಎಂದು ಆಡಿಕೊಳ್ಳುತ್ತಿದ್ದರು.

ನಮಗೆ ಮಕ್ಕಳಿಲ್ಲ. ಆಸ್ಪತ್ರೆಗಳನ್ನೂ ನೋಡಿದ್ದಾಯಿತು, ಅರಳಿಮರವನ್ನೂ ಸುತ್ತಿದ್ದಾಯಿತು. ಬಂಗಾರಪೇಟೆಯಲ್ಲಿರುವ ನಾದಿನಿ ಬಂದಾಗಲೆಲ್ಲ ತೊಟ್ಟಿಯನ್ನು ಓರೆಗಣ್ಣಲ್ಲಿ ನೋಡುತ್ತಿದ್ದರು. ಒಂದು ದಿನ ಕಾಫಿ ಲೋಟ ಕೆಳಗಿಟ್ಟು ಹೇಳಿಯೇಬಿಟ್ಟರು.

“ಜೀವಗೋಳ್ನ ಇಂಗೆ ಗಾಜಲ್ಲಿ ಕೂಡಾಕಿಕೊಂಡು ಕುಂತಿದ್ದೀಯ. ನಿನ್ನ ಮಡಿಲು ಎಂಗೆ ತುಂಬ್ತದಮ್ಮ? ರಾಮೇಸ್ವರಕ್ಕೆ ಓಗಿ ಇದನ್ನ ಬಿಟ್ಟುಬುಡು. ಆಮೇಲೆ ನೋಡು.”

ಅವರ ಮೇಲೆ ನನಗೆ ಕೋಪ ಬರಲಿಲ್ಲ. ನಮಗಾಗಿ ಶನಿವಾರ ಒಪ್ಪತ್ತು ಮಾಡುವ ಹೆಂಗಸು ಅವರು. ರಾತ್ರಿ ಯೋಚಿಸಿದೆ, ಇರಬಹುದೇನೋ ಅನ್ನಿಸಿತು. ಬಿಡುತ್ತೇನೆ ಎಂದುಕೊಂಡೇ ಬಂಗಾರಪೇಟೆಯಲ್ಲಿ ನಾದಿನಿಯ ಜೊತೆ ಯಾತ್ರೆಯ ಬಸ್ಸು ಹತ್ತಿದೆ. ನಮ್ಮವರಿಗೆ ರಜೆ ಸಿಗಲಿಲ್ಲ. ಮೀನಿಗೆ ಎಷ್ಟು ಚಿಟಿಕೆ ಕಾಳು ಹಾಕಬೇಕೆಂದು ಅವರಿಗೆ ತೋರಿಸಿಕೊಟ್ಟಿದ್ದೆ.

ರಾಮೇಶ್ವರಕ್ಕೆ ಸ್ವಲ್ಪ ಮೊದಲು, ಮಂಡಪಂ ಹತ್ತಿರ, ಅಡುಗೆಯವರು ಒಲೆ ಹೂಡಲು ಬಸ್ಸು ನಿಲ್ಲಿಸಿದರು. ಅಲ್ಲೇ ಸಮುದ್ರ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿಕೊಂಡು ಹವಳದ ಬಂಡೆ ತೋರಿಸುತ್ತಾರೆ ಎಂದು ಯಾರೋ ಹೇಳಿದರು. ನಾದಿನಿಗೆ ದೋಣಿ ಎಂದರೆ ತಲೆಸುತ್ತು. ಮಿಕ್ಕ ಹೆಂಗಸರು ಸೊಪ್ಪು ಬಿಡಿಸುತ್ತಾ ಕೂತರು. ನಾನು ಯಾವುದೋ ಗೊತ್ತಿಲ್ಲದ ಸಂಸಾರದ ಜೊತೆ ಹತ್ತಿದೆ.

ಮೊದಲು ಬರೀ ಮರಳು ಕಂಡಿತು. ಆಮೇಲೆ ಜಿಂಕೆ ಕೊಂಬಿನಂಥ ಹವಳ, ಹೂಕೋಸಿನಂಥ ಹವಳ. ಕೆಲವು ಸುಣ್ಣದ ಹಾಗೆ ಬೆಳ್ಳಗಾಗಿ ಸತ್ತಿದ್ದವು. ಅಷ್ಟರಲ್ಲಿ ಮೀನುಗಳು ಬಂದವು. ಹಳದಿ ಮೈಗೆ ಕಪ್ಪು ಪಟ್ಟೆಯ ಚಿಟ್ಟೆ ಮೀನುಗಳು ಜೋಡಿ ಜೋಡಿಯಾಗಿ, ಒಂದು ತಿರುಗಿದರೆ ಇನ್ನೊಂದೂ ತಿರುಗುತ್ತಿತ್ತು. ಹಸಿರು ಗಿಳಿಮೀನು ಹವಳವನ್ನು ಕಚ್ಚಿ ಕಚ್ಚಿ ಬಾಯಿಂದ ಬಿಳಿ ಪುಡಿ ಉದುರಿಸುತ್ತಿತ್ತು. ಒಂದು ದೊಡ್ಡ ಮೀನು ಬಾಯಿ ತೆರೆದು ಸುಮ್ಮನೆ ನಿಂತಿದ್ದರೆ, ನೀಲಿ ಗೆರೆಯ ಸಣ್ಣ ಮೀನೊಂದು ಅದರ ಕಿವಿರಿನೊಳಗೆ ಹೊಕ್ಕು ಕೊಳೆ ತೆಗೆಯುತ್ತಿತ್ತು. ಇವನ್ನೆಲ್ಲ ಫೋನಿನಲ್ಲಿ ಎಷ್ಟೋ ಸಲ ನೋಡಿದ್ದೆ. ಕಣ್ಣೆದುರು ಕಂಡಾಗ ಪಕ್ಕದ ಹೆಂಗಸಿನ ಮೊಣಕೈ ಹಿಡಿದು, ಅಲ್ಲಿ ನೋಡಿ, ಅದನ್ನು ನೋಡಿ ಎನ್ನಬೇಕೆನಿಸಿತು. ಅವರು ಮಕ್ಕಳ ಫೋಟೋ ತೆಗೆಯುವುದರಲ್ಲಿದ್ದರು. ಚಾಚಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಒಂದು ಹವಳದ ಪೊದೆಯ ಮುಂದೆ ಹೆಬ್ಬೆರಳಷ್ಟು ಮೀನು ಇತ್ತು. ಅದರ ಮುಂದೆ ಪಾಚಿಯ ಒಂದು ಚೂರು ಅಂಗಳ. ಯಾರು ಹತ್ತಿರ ಬಂದರೂ, ತನಗಿಂತ ಹತ್ತು ಪಾಲು ದೊಡ್ಡದಾದರೂ, ಓಡಿಸಿಕೊಂಡು ಹೋಗಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನನಗೆ ಬರುವ ತಮಿಳಿನಲ್ಲಿ ದೋಣಿಯವನನ್ನು ಕೇಳಿದೆ. ಅದು ಆ ಜಾಗ ಬಿಟ್ಟು ಹೋಗುವುದಿಲ್ಲ, ಯಾವಾಗ ಬಂದರೂ ಅಲ್ಲೇ ಇರುತ್ತದೆ ಎಂದ. ಇಷ್ಟು ದೊಡ್ಡ ಸಮುದ್ರದಲ್ಲಾ ಎಂದೆ. ಅದಕ್ಕೆ ಅಷ್ಟೇ ಸಾಕಂತೆ.

ಹಾಗಾದರೆ ನನ್ನ ತೊಟ್ಟಿ ಪಾಪವಲ್ಲ ಎಂದು ಒಂದು ಕ್ಷಣ ಸಂತೋಷವಾಯಿತು. ಆದರೆ ಅಷ್ಟರಲ್ಲಿ ಗಿಳಿಮೀನುಗಳ ಹಿಂಡು ಬಂಡೆ ದಾಟಿ, ನೀಲಿ ಗಾಢವಾಗಿ ಗಾಜಿಗೆ ಏನೂ ಕಾಣದ ಕಡೆಗೆ ಹೊರಟುಹೋಯಿತು. ನನ್ನ ಮೀನುಗಳಿಗೆ ಅಂಥ ಕಡೆ ಇಲ್ಲ. ಅವು ಅಂಗಡಿಯವನ ತೊಟ್ಟಿಯಲ್ಲೇ ಹುಟ್ಟಿದವು, ಕೆರೆಗೆ ಬಿಟ್ಟರೆ ಬದುಕುವುದಿಲ್ಲ. ಬೇರೆಯವರಿಗೆ ಕೊಟ್ಟರೆ ಅವರ ಮನೆಯಲ್ಲಿ ಅದೇ ಗಾಜು. ಬಿಟ್ಟೆ ಎಂದು ನಾನು ಹೇಳಿದರೆ ಬಿಡುಗಡೆ ಆಗುವುದು ಯಾರಿಗೆ ಎಂದು ದಡ ಸೇರುವವರೆಗೂ ಯೋಚಿಸಿದೆ.

ಮರುದಿನ ಸಮುದ್ರ ಸ್ನಾನ ಮಾಡಿ, ತೀರ್ಥದ ಬಾವಿಗಳ ನೀರು ಹೊಯ್ಯಿಸಿಕೊಂಡು, ಬಟ್ಟೆ ಬದಲಿಸಿ ಸಾಲಿನಲ್ಲಿ ನಿಂತೆವು. ಹಿಂದಿನಿಂದ ನಾದಿನಿ ಬೆನ್ನು ಮುಟ್ಟಿ ನೆನಪಿಸಿದರು. ದೀಪದ ಬೆಳಕಿನಲ್ಲಿ ಲಿಂಗ ಕಂಡಿತು. ಸ್ವಾಮೀ, ಇನ್ನು ಮೇಲೆ ಹೊಸ ಮೀನು ತರುವುದಿಲ್ಲ, ಆ ಆಸೆ ಇಲ್ಲಿ ಬಿಟ್ಟೆ, ಇರುವವನ್ನು ಮಾತ್ರ ಅವುಗಳ ಆಯಸ್ಸು ಇರುವಷ್ಟು ದಿನ ನೋಡಿಕೊಳ್ಳುತ್ತೇನೆ ಎಂದೆ. ಮಗುವನ್ನು ಕೇಳಲು ಬಾಯಿ ಬರಲಿಲ್ಲ. ಜನ ಮುಂದಕ್ಕೆ ತಳ್ಳಿದರು.

ಪ್ರಾಕಾರದ ಕಂಬದ ಹತ್ತಿರ ನಾದಿನಿ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ.

“ದೇವ್ರ ತಾವ ಚೌಕಾಸಿ ಮಾಡಿ ಬಂದ್ಯಾ?” ಎಂದರು. “ಸೊಪ್ಪು ತಗೊಳೋಳ ಅಂಗೆ?”

ವಾಪಸು ಬರುವಾಗ ಅವರು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಆಮೇಲೆ ನಮ್ಮ ಮನೆಗೆ ಬರುವುದನ್ನೂ ಕಡಿಮೆ ಮಾಡಿದರು. ಹಬ್ಬಕ್ಕೆ ಬಂದರೂ ಹೊಸಿಲ ಹತ್ತಿರವೇ ಕೂತು ಎದ್ದು ಹೋಗುತ್ತಾರೆ. ಅವರು ಮಾತಾಡಿದ್ದು ನನ್ನ ಮೇಲಿನ ಅಕ್ಕರೆಯಿಂದಲೇ ಎಂದು ಗೊತ್ತಿರುವುದರಿಂದ ಅದು ಇನ್ನಷ್ಟು ನೋಯುತ್ತದೆ.

ಮೊದಲು ಟೆಟ್ರಾಗಳು ಹೋದವು. ಹಿಂದೆಯೇ ಏಂಜೆಲ್‌ಗಳು, ಒಂದಾದ ಮೇಲೊಂದು. ಹೋದವನ್ನು ಕರಿಬೇವಿನ ಬುಡದಲ್ಲಿ ಹೂತಿದ್ದೇನೆ. ಈಗ ಉಳಿದಿರುವುದು ಒಂದೇ. ಮೀನಿನ ಅಂಗಡಿಯವನು ಹೊಸ ಮಾಲು ಬಂದಿದೆ ಬನ್ನಿ ಎಂದು ಕರೆದರೂ ಒಳಗೆ ಹೋಗುವುದಿಲ್ಲ, ಬಾಗಿಲಲ್ಲೇ ನಿಂತು ಕಾಳು ತೆಗೆದುಕೊಂಡು ಬರುತ್ತೇನೆ.

ಕಳೆದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮವರು ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರು.

“ಇದೊಂದೇ ಆಗೋಯ್ತಲ್ಲ,” ಎಂದರು. “ಜೊತೆಗೆ ಒಂದು ತತ್ತೀನಿ. ನೀನು ತರೋದಲ್ವಲ್ಲ, ನಾನು ತರೋದು. ಮಾತು ತಪ್ಪಿದಂಗೆ ಆಗಲ್ಲ.”

ಅವರು ಇದನ್ನು ಎಷ್ಟು ದಿನದಿಂದ ಯೋಚಿಸಿಟ್ಟುಕೊಂಡಿದ್ದರೋ. ಹೂಂ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು.

“ಬೇಡ,” ಎಂದೆ. “ಆ ಸ್ವಾಮಿಗೆ ಗೊತ್ತಾಗ್ತದೆ.”

ಅವರು ತಲೆಯಾಡಿಸಿದರು. ಟಿವಿ ಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ. ಚಾಪೆ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು. ಸ್ವಲ್ಪ ಸರಿದು ನನಗೂ ಜಾಗ ಬಿಟ್ಟರು.