ಉಸಿರಣ್ಣನ ಅಡ್ಡಗೆರೆಗಳು

ಆಸ್ಪತ್ರೆಯ ನೆಲಮಾಳಿಗೆಯ ಆ ಪ್ರಯೋಗಾಲಯದಲ್ಲಿ ಉಸಿರಣ್ಣನಿಗೆ ಆ ಹೆಸರು ಬಂದದ್ದು ಅವನ ಉಸಿರಿನಿಂದಲೇ. ಮೇಲಿನ ಮಹಡಿಗಳಲ್ಲಿ ಯಾರದೋ ಹೊಟ್ಟೆಯಿಂದಲೋ ಎದೆಯಿಂದಲೋ ತೆಗೆದ ಚೂರು ಕೆಳಗಿಳಿದು ಬಂದರೆ ಅದನ್ನು ಮೇಣದ ಅಚ್ಚಿನಲ್ಲಿ ಹೂಳಬೇಕು. ಅಚ್ಚನ್ನು ಐಸಿನ ಮೇಲಿಟ್ಟು ಗಟ್ಟಿ ಮಾಡಬೇಕು. ಆಮೇಲೆ ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಅಲಗಿನ ಮೇಲೆ ಪದರದ ಹಿಂದೆ ಪದರ ಅಂಟಿಕೊಂಡು ರಿಬ್ಬನ್ನಿನಂತೆ ಇಳಿದು ಬರುತ್ತದೆ. ಒಂದು ತಲೆಗೂದಲನ್ನು ಉದ್ದಕ್ಕೆ ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟೇ ದಪ್ಪ ಆ ಪದರ. ಕೊಯ್ಯುವ ಮುಂಚೆ ಅಚ್ಚಿನ ಮುಖಕ್ಕೆ ಹದವಾಗಿ ಒಂದು ಉಸಿರು ಬಿಟ್ಟರೆ ಮೇಣ ಒಂದಿಷ್ಟು ಮೆತ್ತಗಾಗಿ, ಪದರ ಸುರುಳಿ ಸುತ್ತದೆ ಇಳಿಯುತ್ತದೆ. ಎಲ್ಲರೂ ಹಾಗೆ ಊದುತ್ತಾರೆ. ಆದರೆ ಉಸಿರಣ್ಣ ಊದಿದರೆ ಮೇಣಕ್ಕೆ ತವರಿನ ನೆನಪಾಗುತ್ತಿತ್ತು. ಅವನು ಮನಸ್ಸು ಮಾಡಿದರೆ ಸೊಳ್ಳೆಯ ನೆರಳನ್ನು ಮೇಣದಲ್ಲಿ ಹೂತು ಅದರಿಂದಲೂ ನಾಲ್ಕು ಪದರ ತೆಗೆದಾನು, ಐದನೆಯದಕ್ಕೆ ಮಾತ್ರ ಸೊಳ್ಳೆಯ ಒಪ್ಪಿಗೆ ಬೇಕು ಎಂದು ಜನ ಹೇಳುತ್ತಿದ್ದರು. ಹಾಗೆ ಮೊದಲು ಹೇಳಿದವನೂ ಅವನೇ.

ಅವನ ದೊಡ್ಡ ಆಸ್ತಿ ಎಂದರೆ ಸೂಜಿ ತಟ್ಟೆ. ಸೂಜಿ ಚುಚ್ಚಿ ತೆಗೆದ, ದಾರದೆಳೆಯಷ್ಟು ತೆಳ್ಳಗಿನ ಚೂರುಗಳು ಬೇರೆಯದೇ ಒಂದು ತಟ್ಟೆಯಲ್ಲಿ ಬರುತ್ತವೆ. ಅವನ್ನು ಕೊಯ್ಯುವಾಗ ಚಕ್ರವನ್ನು ನಾಲ್ಕು ಸುತ್ತು ಹೆಚ್ಚಿಗೆ ತಿರುಗಿಸಿದರೆ ಚೂರೇ ಮಾಯ. ರೋಗಿಗೆ ಮತ್ತೊಮ್ಮೆ ಚುಚ್ಚಬೇಕು, ಅದೂ ಅವನು ಅಷ್ಟು ದಿನ ತಾಳಿದರೆ. ಅದಕ್ಕೇ ಸೂಜಿ ತಟ್ಟೆ ಬಂದ ಕೂಡಲೇ ಡಾಕ್ಟರಮ್ಮ, ಅಂದರೆ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ಹಿರಿಯರು, "ಉಸಿರಣ್ಣನ ಕೈಗೆ ಕೊಡಿ" ಎನ್ನುತ್ತಿದ್ದರು. ಈ ಮೂರು ಮಾತಿನ ಮೇಲೆ ಅವನು ಇಷ್ಟು ವರ್ಷ ಬದುಕಿದ್ದ. ಅನ್ನ ನೀರು ಬರೀ ಶಾಸ್ತ್ರಕ್ಕೆ.

ಅಂಥವನ ಕೋಣೆಗೆ ಬಂದು ಕೂತಳು ಬೆಣ್ಣೆಕೈ.

ಬೇರೆ ಆಸ್ಪತ್ರೆಯಿಂದ ವರ್ಗವಾಗಿ ಬಂದವಳು. ನಲವತ್ತು ದಾಟಿದ, ದುಂಡಗಿನ, ಕೆಲಸ ಮಾಡುತ್ತ ಮೂಗಿನಲ್ಲೇ ಏನೋ ಗುನುಗುವ ಹೆಂಗಸು. ಕಿಟಕಿಯ ಪಕ್ಕದ ಯಂತ್ರ ಅವಳ ಪಾಲಿಗೆ ಬಂತು. ಮೊದಲ ದಿನವೇ ಅವಳ ಅಲಗಿನಿಂದ ಇಳಿದ ರಿಬ್ಬನ್ನು ಎಷ್ಟು ಉದ್ದವಿತ್ತೆಂದರೆ, ಅದರ ತುದಿ ಬಿಸಿನೀರಿನ ತೊಟ್ಟಿ ಮುಟ್ಟಿದಾಗ ಬುಡ ಇನ್ನೂ ಊಟಕ್ಕೆ ಹೋಗಿ ಬಂದಿರಲಿಲ್ಲ. ಒಂದು ಸುಕ್ಕಿಲ್ಲ, ಒಂದು ಹರಕಿಲ್ಲ. ತೊಟ್ಟಿಯ ಉಗುರುಬೆಚ್ಚನೆಯ ನೀರಿನ ಮೇಲೆ ಪದರಗಳು ಇಸ್ತ್ರಿ ಮಾಡಿದ ಬಟ್ಟೆಯಂತೆ ಹರಡಿಕೊಂಡವು. ಅವಳು ಗಾಜಿನ ಪಟ್ಟಿ ಅದ್ದಿ ಅವನ್ನು ಎತ್ತಿಕೊಂಡಳು, ಅಷ್ಟೇ. ಆ ಸಂಜೆಯೇ ಅವಳಿಗೆ ಬೆಣ್ಣೆಕೈ ಎಂಬ ಹೆಸರು ಬಿತ್ತು. ಡಾಕ್ಟರಮ್ಮ ತಮ್ಮ ಕೋಣೆಯಿಂದ ಎದ್ದು ಬಂದು, "ಇದನ್ನ ಕೊಯ್ದಿದ್ದು ಯಾರು?" ಎಂದು ಕೇಳಿದರು.

ಉಸಿರಣ್ಣ ಅಭ್ಯಾಸಬಲದಿಂದ ಎದ್ದು ನಿಂತ. ಡಾಕ್ಟರಮ್ಮ ಅವನನ್ನು ದಾಟಿ ಕಿಟಕಿಯ ಕಡೆ ಹೋದರು.

ಹೊಟ್ಟೆಯಲ್ಲಿ ಕಿಚ್ಚು ಹೊತ್ತಿದ್ದು ಆಗ. ಸುಮ್ಮನೆ ಆಡುವ ಮಾತಲ್ಲ ಇದು. ಮರುದಿನ ಅವನ ಹತ್ತಿರವಿದ್ದ ಐಸು ಎಲ್ಲರದಕ್ಕಿಂತ ಬೇಗ ಕರಗಿತು.

ಅವಳಲ್ಲಿ ಏನೋ ಗುಟ್ಟಿದೆ ಎಂದು ಅವನಿಗೆ ಖಾತ್ರಿಯಾಯಿತು. ಉಸಿರು ಬಿಡುವಾಗ ಬಾಯಿ ಹೇಗೆ ಇಡುತ್ತಾಳೆ? ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತಾಳೋ ಮಣಿಕಟ್ಟಿನಲ್ಲೋ? ಆ ಗುನುಗುವುದರಲ್ಲೇ ಏನಾದರೂ ಇದೆಯೋ? ಆದರೆ ಅವನ ಮೇಜು ಗೋಡೆಗೆ ಮುಖ ಮಾಡಿತ್ತು. ಬೆನ್ನಿಗೆ ಕಣ್ಣಿಲ್ಲದ್ದಕ್ಕೆ ದೇವರನ್ನು ಒಂದು ವಾರ ಬೈದು, ಆಮೇಲೆ ಅವನು ತನ್ನ ಯಂತ್ರವನ್ನು ಎತ್ತಿಕೊಂಡು ಹೋಗಿ ಕೋಣೆಯ ಆ ಬದಿಗೆ, ಐಸು ಮಾಡುವ ಹಳೆಯ ದೊಡ್ಡ ಪೆಟ್ಟಿಗೆಗೆ ಒತ್ತಿಕೊಂಡಿದ್ದ ಮೇಜಿನ ಮೇಲೆ ಇಟ್ಟುಕೊಂಡ. ಅಲ್ಲಿಂದ ಕಿಟಕಿ ನೇರ ಕಾಣುತ್ತಿತ್ತು.

"ಯಾಕಣ್ಣ ಜಾಗ ಬದಲಾಯಿಸಿದ್ರಿ?" ಬೆಣ್ಣೆಕೈ ಕೇಳಿದಳು.

"ಐಸು ಹತ್ತಿರ ಆಗತ್ತೆ. ಈ ವಯಸ್ಸಲ್ಲಿ ಮೊಣಕಾಲು ಕೇಳಲ್ಲಮ್ಮ."

"ಅಯ್ಯೋ, ಹೇಳಿದ್ರೆ ನಾನೇ ತಂದುಕೊಡ್ತಿದ್ನಲ್ಲ."

ಒಳ್ಳೆಯತನವೂ ಇದೆ ಇವಳಿಗೆ! ಅದೊಂದು ಬಾಕಿ ಇತ್ತು ಎಂದುಕೊಂಡ ಉಸಿರಣ್ಣ.

ಅಂದಿನಿಂದ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಅವಳು ಅಚ್ಚು ಸಿಕ್ಕಿಸಿದರೆ ಇವನ ಕತ್ತು ಉದ್ದವಾಗುತ್ತಿತ್ತು, ಅವಳು ಅಲಗು ಬದಲಿಸಿದರೆ ಇವನ ಚಕ್ರ ನಿಲ್ಲುತ್ತಿತ್ತು. ಗುಟ್ಟು ಮಾತ್ರ ಸಿಗಲಿಲ್ಲ. ಅವಳು ಎಲ್ಲರಂತೆಯೇ ಊದುತ್ತಿದ್ದಳು, ಎಲ್ಲರಂತೆಯೇ ತಿರುಗಿಸುತ್ತಿದ್ದಳು. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಲೋಕದಲ್ಲಿ ಬೇರೆ ಇಲ್ಲ.

ಅಷ್ಟರಲ್ಲಿ ಅವನ ಪದರಗಳಲ್ಲಿ ಗೆರೆ ಕಾಣಿಸಿಕೊಂಡಿತು. ಬಣ್ಣ ಹಾಕಿ ನೋಡಿದರೆ ನಸುಗೆಂಪು ಅಂಗಾಂಶದ ಮೇಲೆ ಒಂದರ ಕೆಳಗೊಂದು ಬಿಳಿಯ ಅಡ್ಡಗೆರೆ, ಕಿಟಕಿಯ ಪಟ್ಟಿಪರದೆ ಇಳಿಬಿಟ್ಟ ಹಾಗೆ. ಉದ್ದಗೆರೆಯಾದರೆ ಅಲಗಿನ ಬಾಯಿ ಮುಕ್ಕಾಗಿದೆ ಎಂದರ್ಥ, ಅಡ್ಡಗೆರೆಯಾದರೆ ಎಲ್ಲೋ ಏನೋ ನಡುಗುತ್ತಿದೆ ಎಂದರ್ಥ. ಇದು ಕೊಯ್ಯುವವರ ಬಾಲಪಾಠ. ಉಸಿರಣ್ಣ ಅಲಗಿನ ತಿರುಪು ಬಿಗಿದ. ಅಚ್ಚಿನ ಹಿಡಿ ಬಿಗಿದ. ಅಲಗಿನ ಓರೆ ಹೆಚ್ಚಿಸಿದ, ಕಡಿಮೆ ಮಾಡಿದ. ಐಸಿನ ಮೇಲೆ ಅಚ್ಚು ಅತಿಯಾಗಿ ತಣ್ಣಗಾಯಿತೇನೋ ಎಂದು ಅಂಗೈಯಲ್ಲಿ ಹಿಡಿದು ಕಾವು ಕೊಟ್ಟ. ಚಕ್ರವನ್ನು ಬಸವನಹುಳು ಬೇಸರಪಡುವಷ್ಟು ನಿಧಾನವಾಗಿ ತಿರುಗಿಸಿದ. ಯಂತ್ರದಲ್ಲಿ ಬಿಗಿಯಲು ತಿರುಪು ಉಳಿಯದೆ ತನ್ನ ಕನ್ನಡಕದ ತಿರುಪನ್ನೂ ಬಿಗಿದ. ಗೆರೆ ಹೋಗಲಿಲ್ಲ.

ಮೇಜೊಂದರ ಮೇಲೆ ಮಾತ್ರ ಅನುಮಾನ ಪಡಲಿಲ್ಲ. ಪಟ್ಟರೆ ಜಾಗ ಬಿಡಬೇಕಲ್ಲ! ಜೊತೆಗೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಹೊಸಬರ ಮೇಲೆಲ್ಲ ಪ್ರಯೋಗಿಸುತ್ತ ಬಂದವನು ಅವನು. ಈಗ ತಾನೇ ನೆಲದ ಮೇಲೆ ದೂರು ಹೇಳುವುದೆಂದರೇನು?

ಡಾಕ್ಟರಮ್ಮ ಒಂದೆರಡು ಸಲ ಸುಮ್ಮನಿದ್ದರು. ಮೂರನೆಯ ಸಲ ಸೂಜಿ ತಟ್ಟೆಯ ಗಾಜಿನ ಪಟ್ಟಿಗಳನ್ನು ಹಿಡಿದುಕೊಂಡೇ ಬಂದರು.

"ಉಸಿರಣ್ಣ, ಈ ಪರದೆ ಸರಿಸಿ ಒಳಗೆ ಏನಿದೆ ಅಂತ ನಾನು ಹೇಗೆ ನೋಡಲಿ?"

"ಅಚ್ಚು ಸ್ವಲ್ಪ ಗಟ್ಟಿಯಾಗಿತ್ತು, ಮೇಡಂ."

"ಮೂರು ಸಲಾನೂ ಗಟ್ಟಿಯಾಗಿತ್ತಾ? ನೋಡಿ, ನಾಳೆ ಶ್ವಾಸಕೋಶದ್ದೊಂದು ಸೂಜಿ ಚೂರು ಬರ್ತಿದೆ. ಎರಡನೇ ಸಲ ಚುಚ್ಚೋಕೆ ಆಗದ ರೋಗಿ. ಅದೂ ಹೀಗೇ ಬಂದ್ರೆ ಇನ್ನು ಮೇಲೆ ಸೂಜಿ ತಟ್ಟೆ ಕಿಟಕಿ ಕಡೆ ಹೋಗತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರೇ? ಆ ಮಾತು ಕೇಳಿ ಉಸಿರಣ್ಣನ ಕಾಲ ಕೆಳಗಿನ ನೆಲಮಾಳಿಗೆಗೆ ಇನ್ನೊಂದು ನೆಲಮಾಳಿಗೆ ಹುಟ್ಟಿತು, ಅವನು ಅದರೊಳಕ್ಕೆ ಇಳಿದ.

ಮನೆಯಲ್ಲಿ ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಂಡನ ಜೊತೆ ಜಗಳವಾಡಬಲ್ಲವಳು. ಆ ಸಂಜೆ ಅವನು ಊಟಕ್ಕೆ ಕೂತು ಶುರು ಮಾಡಿದ.

"ಅವಳು ಚಕ್ರ ತಿರುಗಿಸೋವಾಗ ಕಿರುಬೆರಳು ಮೇಲೆ ಎತ್ಕೊಂಡಿರ್ತಾಳೆ ಕಣೆ. ನೋಡಿದೀಯಾ ಎಲ್ಲಾದ್ರೂ?"

"ನಾನೆಲ್ಲಿ ನೋಡ್ಲಿ? ನೋಡ್ತಿರೋರು ನೀವು."

"ಇವತ್ತು ಹೊಸ ರಾಗ ಗುನುಗ್ತಿದ್ಲು."

"ಓಹೋ, ರಾಗ ಬೇರೆ ಗುರುತು ಹಿಡೀತೀರಾ?" ಅವಳು ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. "ನಾನು ಇಷ್ಟು ವರ್ಷದಿಂದ ಹಾಡ್ಕೊಂಡೇ ಹೊಲೀತಿದೀನಿ. ಒಂದು ದಿನ ಕೇಳಿದೀರಾ ಯಾವ ಹಾಡು ಅಂತ?"

"ನೀನು ಹಾಡ್ತೀಯಾ?" ಎಂದ ಉಸಿರಣ್ಣ, ನಿಜವಾದ ಆಶ್ಚರ್ಯದಿಂದ.

ಗಂಡಸರು ಆಡಬಾರದ ಮಾತುಗಳಲ್ಲಿ ಅದಕ್ಕೆ ಮೇಲಿನ ಸ್ಥಾನವಿದೆ. ಮರುದಿನ ಅವನು ಊಟದ ಡಬ್ಬಿ ಮರೆತು ಹೋದ. ಇಲ್ಲವೇ ಅವನು ಮರೆಯುವಂತೆ ಯಾರೋ ಅದನ್ನು ಬಾಗಿಲ ಹಿಂದೆ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಹಿಡಿದು ಹೆಂಡತಿಯೇ ನೆಲಮಾಳಿಗೆಗೆ ಬಂದಳು. ಉಟ್ಟ ಸೀರೆ ಮದುವೆಗೆ ಹೊರಟಂತಿತ್ತು, ನೋಟ ಯುದ್ಧಕ್ಕೆ ಹೊರಟಂತಿತ್ತು.

"ಬನ್ನಿ ಅಕ್ಕಾ, ಕೂತ್ಕೊಳ್ಳಿ," ಎಂದು ಬೆಣ್ಣೆಕೈ ಸ್ಟೂಲು ಕೊಟ್ಟಳು. "ಅಣ್ಣ ನಮಗೆಲ್ಲ ಗುರುಗಳಿದ್ದ ಹಾಗೆ."

ಹೆಂಡತಿ ಕೂರಲಿಲ್ಲ. ಮೊದಲು ಕಿಟಕಿಯ ಬಳಿಯ ಹೆಂಗಸನ್ನು ನೋಡಿದಳು. ಆಮೇಲೆ ಗಂಡನ ಮೇಜು ನೋಡಿದಳು. ಎರಡರ ನಡುವೆ ಕಣ್ಣಲ್ಲೇ ಟೇಪು ಹಿಡಿದಳು. ಒಮ್ಮೆ ಹಬ್ಬಕ್ಕೋ ಯಾವುದಕ್ಕೋ ಆಸ್ಪತ್ರೆ ನೋಡಲು ಬಂದಾಗ ಅವನು ಗೋಡೆಗೆ ಮುಖ ಮಾಡಿ ಕೂತಿದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಿಮ್ಮ ಮೇಜು ಗೋಡೆ ಹತ್ತಿರ ಇರ್ಲಿಲ್ವಾ?"

"ಐಸು ಹತ್ತಿರ ಆಗತ್ತೆ ಅಂತ..."

"ಐಸು!" ಅವಳು ದನಿ ತಗ್ಗಿಸಿದಳು. ಜೋರು ಮಾಡಿದ್ದರೆ ಉಸಿರಣ್ಣ ಅಷ್ಟು ಹೆದರುತ್ತಿರಲಿಲ್ಲ. "ನಾನು ಮೆಟ್ಟಿಲು ಹತ್ತೋ ಮುಂಚೆ ಈ ಯಂತ್ರ ಗೋಡೆ ಕಡೆ ತಿರುಗಿರ್ಬೇಕು. ಇಲ್ದಿದ್ರೆ ರಾತ್ರಿ ಊಟಾನೂ ಇಲ್ಲೇ, ಮಲಗೋದೂ ಆ ಐಸು ಪೆಟ್ಟಿಗೇಲೇ. ಹತ್ತಿರ ಆಗತ್ತೆ."

ಉಸಿರಣ್ಣ ಯಂತ್ರ ಎತ್ತಿದ. ಅಷ್ಟು ಭಾರದ ಕಬ್ಬಿಣವನ್ನು ಬರುವಾಗ ಏದುಸಿರು ಬಿಟ್ಟು ಹೊತ್ತಿದ್ದವನು ಹೋಗುವಾಗ ಹೂವಿನ ಬುಟ್ಟಿಯಂತೆ ಹೊತ್ತ. ಹೆಂಡತಿ ಅದು ನೆಟ್ಟಗೆ ಗೋಡೆ ನೋಡುವವರೆಗೆ ನಿಂತಿದ್ದು, ಬೆಣ್ಣೆಕೈಗೆ ನಗುತ್ತ ಕೈಮುಗಿದು, ಹೊರಟಳು.

ಅದೇ ಹೊತ್ತಿಗೆ ಶ್ವಾಸಕೋಶದ ಸೂಜಿ ಚೂರಿನ ಅಚ್ಚು ಐಸಿನ ಮೇಲೆ ಸಿದ್ಧವಾಗಿತ್ತು.

ಅವನು ಅದನ್ನು ಸಿಕ್ಕಿಸಿದ. ಬಿಳಿಯ ಮೇಣದ ನಡುವೆ ಬೂದು ಬಣ್ಣದ ಎಳೆಯೊಂದು, ಉಗುರಿನ ಚೂರಿಗಿಂತ ಚಿಕ್ಕದು. ಈ ಸಲ ತಿರುಪು ಬಿಗಿಯಲಿಲ್ಲ, ಓರೆ ಬದಲಿಸಲಿಲ್ಲ. ಅವಮಾನದಲ್ಲಿ ಅದೆಲ್ಲ ಮರೆತೇ ಹೋಗಿತ್ತು. ಇದೇ ನನ್ನ ಕೊನೆಯ ಸೂಜಿ ಚೂರು, ಮುಗಿಸಿ ಕೈ ತೊಳೆದುಕೊಂಡರಾಯಿತು ಎಂದುಕೊಂಡ. ಎದುರಿಗೆ ಬರೀ ಗೋಡೆ. ನೋಡಲು ಅಲಗೊಂದೇ. ಬಾಗಿ ಉಸಿರು ಬಿಟ್ಟ, ಚಕ್ರ ತಿರುಗಿಸಿದ. ಮೇಣ ಇಳಿಯಿತು, ಎಳೆಯ ಅಂಚು ಕಂಡಿತು. ಅಲ್ಲಿಗೇ ನಿಲ್ಲಿಸಿ ಇನ್ನೊಂದು ಉಸಿರು. ಆಮೇಲೆ ಪದರ, ಅದರ ಬಾಲ ಹಿಡಿದು ಇನ್ನೊಂದು ಪದರ. ಕುಂಚದ ತುದಿಯಲ್ಲಿ ಎತ್ತಿ ನೀರಿಗೆ ಬಿಟ್ಟ. ಅವು ಅಲುಗದೆ ಹರಡಿಕೊಂಡವು.

ಬಣ್ಣ ಹಾಕಿ ಒಣಗಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಗೆರೆ ಇರಲಿಲ್ಲ. ಗಾಜು ತಿರುಗಿಸಿ ನೋಡಿದ. ಹುಡುಕಿದರೂ ಇರಲಿಲ್ಲ.

ಆಗ ಅವನು ಮೆಲ್ಲಗೆ ಎದ್ದು ಹೋಗಿ, ಬಿಟ್ಟು ಬಂದ ಆ ಮೇಜಿನ ಮೇಲೆ ಅಂಗೈ ಊರಿದ. ಪಕ್ಕದ ಐಸು ಪೆಟ್ಟಿಗೆಯ ಮುದಿ ಮೋಟಾರು ಗೊರಗೊರ ಎನ್ನುತ್ತಿತ್ತು. ಅದರ ನಡುಕ ಮೇಜಿನೊಳಗಿಂದ ಅಂಗೈಗೆ, ಅಂಗೈಯಿಂದ ಹಲ್ಲಿಗೆ ಬಂತು. ಲೋಕ ಹುಟ್ಟಿದ ಮೇಲೆ ಮೊದಲ ಬಾರಿಗೆ ನೆಲವೇ ಡೊಂಕಾಗಿತ್ತು, ಹೇಳಿಕೊಳ್ಳಲು ಮಾತ್ರ ಬಾಯಿಲ್ಲ. ಅದರ ಮೇಲೆ ಹೋಗಿ ಕೂತವನು ತಾನೇ.

ಡಾಕ್ಟರಮ್ಮ ಗಾಜು ನೋಡಿ ಹೊರಗೆ ಬಂದರು. "ಇದು ಉಸಿರಣ್ಣನ ಕೈ. ರೋಗ ಸ್ಪಷ್ಟವಾಗಿ ಕಾಣ್ತಿದೆ, ಇವತ್ತೇ ಮೇಲೆ ತಿಳಿಸ್ತೀನಿ. ಏನು ಮಾಡಿದ್ರಿ?"

"ಏನಿಲ್ಲ ಮೇಡಂ. ಸ್ವಲ್ಪ ಗಮನ ಕೊಟ್ಟೆ."

"ಹಾಗಾದ್ರೆ ಇಷ್ಟು ದಿನ ಗಮನ ಎಲ್ಲಿತ್ತು?"

ಕಿಟಕಿಯ ಕಡೆ ಗುನುಗು ನಿಂತಿತು. ಉಸಿರಣ್ಣ ಕನ್ನಡಕ ಒರೆಸಿದ, ಒಂದಲ್ಲ, ಎರಡೂ ಗಾಜನ್ನು, ಎರಡೂ ಕಡೆ.

"ಸೂಜಿ ತಟ್ಟೆ ಇಲ್ಲೇ ಇರಲಿ," ಎಂದರು ಡಾಕ್ಟರಮ್ಮ. ಬಾಗಿಲವರೆಗೆ ಹೋಗಿ ತಿರುಗಿ, "ನೀವು ರಜೆ ಹಾಕಿದ ದಿನ ಮಾತ್ರ ಕಿಟಕಿ ಕಡೆಗೆ," ಎಂದು ಸೇರಿಸಿದರು.

ಆ ಸಂಜೆ ಹೆಂಡತಿ ಬಡಿಸಿದಳು. ಅನ್ನ ಬಿಸಿಯಾಗಿತ್ತು. ಅವಳೇ, "ಗೋಡೆ ಹೇಗಿದೆ?" ಎಂದಳು.

"ಚೆನ್ನಾಗಿದೆ. ತಟ್ಟೆ ನನ್ನ ಹತ್ರಾನೇ ಉಳೀತು."

"ಮತ್ತೆ ಇನ್ನೇನು? ಮುಖ ಯಾಕೆ ಹಾಗಿದೆ?"

ಉಸಿರಣ್ಣ ಎತ್ತಿದ ತುತ್ತನ್ನು ಕೆಳಗಿಟ್ಟ. "ಇನ್ನು ಮೇಲೆ ನಾನು ರಜೆ ಹಾಕೋ ಹಾಗಿಲ್ಲ ಕಣೆ," ಎಂದ. "ಜ್ವರ ಬಂದ್ರೂ."

ಗೋಡೆಗೆ ಮುಖ ಮಾಡಿ ಕೂತವನಿಗೆ ಬೆಣ್ಣೆಕೈ ಕಾಣುವುದಿಲ್ಲ, ನಿಜ. ಆದರೆ ಆ ಮಧ್ಯಾಹ್ನವೆಲ್ಲ ಬೆನ್ನ ಹಿಂದೆ ಅವಳ ಚಕ್ರ ತಿರುಗುವ ಸದ್ದು ಕೇಳುತ್ತಿತ್ತು, ಒಂದೇ ಹದದಲ್ಲಿ, ಎಲ್ಲೂ ಎಡವದೆ. ದೇವರು ಬೆನ್ನಿಗೆ ಕಣ್ಣು ಇಡದಿದ್ದರೂ ತಲೆಯ ಎರಡು ಬದಿಗೆ ಕಿವಿ ಇಟ್ಟುಬಿಟ್ಟಿದ್ದ. ಒಮ್ಮೆಯಾದರೂ ಆ ಚಕ್ರ ಕಿರ್ ಎಂದಿದ್ದರೆ ಉಸಿರಣ್ಣ ಅಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.