ಎಂತ ಬೈದೆ ಇವನಿಗೆ?

ಅರುವತ್ತರ ದಶಕದಲ್ಲಿ ಮೂಡಬಿದಿರೆಯ ನಮ್ಮ ಬೀದಿಗೆ ಬಾಣಂತಿಯರನ್ನು ನೋಡಲು ಒಬ್ಬರು ನರ್ಸಮ್ಮ ಬರುತ್ತಿದ್ದರು. ಮಗುವನ್ನು ತಕ್ಕಡಿಯಲ್ಲಿ ತೂಗಿದ ಮೇಲೆ ಸೆರಗಿಗೆ ಕೈ ಒರೆಸುತ್ತ ತಾಯಿಯನ್ನು ಕೇಳುತ್ತಿದ್ದರು: "ಇವತ್ತು ಎಂತ ಬೈದೆ ಇವನಿಗೆ?"

"ಪೋಕರಿ ಅಂದೆ ನರ್ಸಮ್ಮ. ಈಗಷ್ಟೇ ಹಾಸಿದ ಬಟ್ಟೆ ಒದ್ದೆ ಮಾಡಿದ," ಎಂದು ತಾಯಿ ಮುದ್ದಿನಿಂದ ಹೇಳಿದರೆ ನರ್ಸಮ್ಮ ನಕ್ಕು, ಚೀಲ ಎತ್ತಿಕೊಂಡು ಹೊರಡುತ್ತಿದ್ದರು.

ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದ ನನ್ನ ಅಕ್ಕ, "ಬೈಯುವಂಥದ್ದು ಎಂತ ಉಂಟು? ಒಳ್ಳೆಯ ಮಗು," ಎಂದಳು. ಅಮ್ಮನ ಮುಖದಲ್ಲಿ ಹೆಮ್ಮೆ. ನರ್ಸಮ್ಮ ಮಾತ್ರ ಎತ್ತಿಕೊಂಡಿದ್ದ ಚೀಲವನ್ನು ಕೆಳಗಿಟ್ಟು ಅಕ್ಕನ ಎದುರು ಕುಳಿತರು.

"ಅವನು ಅತ್ತಾಗ ನಿನಗೆ ಹೇಗಾಗ್ತದೆ ಮಗಳೇ?"

ಅಕ್ಕ ಮಗುವಿನ ಕಡೆ ನೋಡದೆ ಹೇಳಿದಳು: "ಪಕ್ಕದ ಮನೆಯ ಮಗು ಅತ್ತ ಹಾಗೆ. ಬಾವಿಕಟ್ಟೆಗೆ ಹೋದರೆ ವಾಪಸು ಬರುವುದೇ ಬೇಡ ಅನ್ನಿಸ್ತದೆ."

ನಾನು ಬಾಗಿಲ ಬಳಿ ತೊಟ್ಟಿಲ ಬಟ್ಟೆ ಮಡಚುತ್ತಿದ್ದೆ. ನರ್ಸಮ್ಮ ದನಿ ಏರಿಸದೆ ಅಮ್ಮನಿಗೆ ಹೇಳಿದರು: "ಇವಳನ್ನು ಒಬ್ಬಳೇ ಬಿಡಬೇಡಿ. ಮಗು ಅತ್ತರೆ ನೀವು ಎತ್ತಿಕೊಳ್ಳಿ, ಇವಳು ಮಲಗಲಿ. ಬುದ್ಧಿ ಹೇಳುವುದು ಬೇಡ. ನಾನು ನಾಳೆ ಬರ್ತೇನೆ."

ಆಮೇಲೆ ದಿನವೂ ಬಂದರು. ತಕ್ಕಡಿ ತರುತ್ತಿರಲಿಲ್ಲ. ಅಕ್ಕನ ತಲೆ ಬಾಚುತ್ತ, "ಇವತ್ತು ಎಂತ ಬೈದೆ ಇವನಿಗೆ?" ಎಂದು ಕೇಳುತ್ತಿದ್ದರು. ಅಕ್ಕ ಏನೂ ಬೈದಿಲ್ಲವೆಂದು ತಲೆಯಾಡಿಸುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಅವರು ಕೇಳುವ ಮೊದಲೇ ಅಕ್ಕ ಕೂಗಿದಳು: "ನೋಡಿ ನರ್ಸಮ್ಮ, ಈ ಕಳ್ಳ ನನ್ನ ಕೂದಲು ಹಿಡಿದರೆ ಬಿಡುವುದೇ ಇಲ್ಲ ಮಾರಾಯ್ರೆ!"

ನರ್ಸಮ್ಮ ನಗಲಿಲ್ಲ. ಬಾಚಣಿಗೆ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೈ," ಎಂದರು. "ಇನ್ನೊಮ್ಮೆ ಬೈ."